ಲ್ಯಾಪ್‌ಟಾಪ್ ಪರದೆಯ ಸಹಜ ರೆಸೊಲ್ಯೂಶನ್ ಮತ್ತು ಕನ್ನಡದ ಓದು

ಲ್ಯಾಪ್‌ಟಾಪ್ ಪರದೆಯ ಸಹಜ ರೆಸೊಲ್ಯೂಶನ್ ಎಂದರೆ ಆ ಪರದೆ ಕಾರ್ಖಾನೆಯಲ್ಲಿ ತಯಾರಾಗುವಾಗಲೇ ಅದರ ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ನೆಲೆಗೊಳಿಸಿದ ಚಿತ್ರಬಿಂದುಗಳ, ಅಂದರೆ ಪಿಕ್ಸೆಲ್‌ಗಳ, ಎಣಿಕೆ. 1366×768 ಎಂದು ಬರೆದಿದ್ದರೆ ಅಡ್ಡಸಾಲೊಂದರಲ್ಲಿ 1366 ಬಿಂದುಗಳೂ ಅಂಥ 768 ಸಾಲುಗಳೂ ಇವೆ ಎಂದು ಅರ್ಥ. 1920×1080 ಎಂದಿದ್ದರೆ ಒಟ್ಟು 20,73,600 ಬಿಂದುಗಳು, ಅಂದರೆ ಮೊದಲನೆಯದರ ಸುಮಾರು ಎರಡರಷ್ಟು. ಪರದೆಯನ್ನು ಕೊಂಡ ಮೇಲೆ ಯಾವ ತಂತ್ರಾಂಶದಿಂದಲೂ ಈ ಎಣಿಕೆಯನ್ನು ಹೆಚ್ಚಿಸಲಾಗದು, ಕಡಿಮೆ ಮಾಡಲೂ ಆಗದು. ಸೆಟ್ಟಿಂಗ್ಸ್‌ನಲ್ಲಿ ಬೇರೆ ಸಂಖ್ಯೆಯನ್ನು ಆರಿಸಿದಾಗ ಬದಲಾಗುವುದು ಕಂಪ್ಯೂಟರ್ ರಚಿಸುವ ಚಿತ್ರದ ಅಳತೆಯೇ ಹೊರತು ಪರದೆಯ ಬಿಂದುಗಳಲ್ಲ. ಭೌತವಿಜ್ಞಾನದ ಕನ್ನಡ ಪಠ್ಯಗಳಲ್ಲಿ ಇದೇ ಇಂಗ್ಲಿಷ್ ಪದಕ್ಕೆ ಪೃಥಕ್ಕರಣ ಎಂಬ ಮಾತು ಬಳಕೆಯಲ್ಲಿದೆ. ಅಲ್ಲಿ ಅದು ಹತ್ತಿರಹತ್ತಿರದ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ಕಾಣಿಸುವ ಸಾಮರ್ಥ್ಯವನ್ನು ಸೂಚಿಸಿದರೆ, ಪರದೆಯ ವ್ಯಾಪಾರದಲ್ಲಿ ಅದು ಬರಿಯ ಎಣಿಕೆಯಾಗಿ ಉಳಿದಿದೆ. ಕನ್ನಡದ ಓದುಗರ ಮಟ್ಟಿಗೆ ಈ ಎರಡು ಅರ್ಥಗಳೂ ಮತ್ತೆ ಒಂದಾಗುತ್ತವೆ, ಏಕೆಂದರೆ ದ ಮತ್ತು ಧ, ಪ ಮತ್ತು ಷ, ರು ಮತ್ತು ರೂ ಬೇರೆಬೇರೆಯಾಗಿ ಕಾಣುತ್ತವೆಯೇ ಇಲ್ಲವೇ ಎಂಬುದನ್ನು ಆ ಎಣಿಕೆಯೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಧಾರವಾಡ ಸೀಮೆಯ ಕಸೂತಿಯನ್ನು ಬಲ್ಲವರಿಗೆ ಈ ಪರಿಕಲ್ಪನೆ ಹೊಸದಲ್ಲ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಈ ಕಲೆಯ ಸೀಮೆಗೇ ಸೇರಿದವು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುವ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳದೆ, ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ಹಾಕುತ್ತಾರೆ. ನಾಲ್ಕು ಎಳೆ ಬಿಟ್ಟು ಐದನೆಯದಕ್ಕೆ ಸೂಜಿ ಹಾಕಬಹುದು. ಆದರೆ ಒಂದೂಕಾಲು ಎಳೆಗೆ ಹೊಲಿಗೆ ಹಾಕುವುದು ಯಾರಿಂದಲೂ ಆಗದು. ಬಟ್ಟೆಯ ಎಳೆಗಳ ಎಣಿಕೆ ನೇಯ್ಗೆಯವನ ಮಗ್ಗದಲ್ಲೇ ನಿಶ್ಚಯವಾದಂತೆ ಪರದೆಯ ಸಹಜ ರೆಸೊಲ್ಯೂಶನ್ ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತದೆ, ಮತ್ತು ಅದರ ಮೇಲೆ ಮೂಡುವ ಪ್ರತಿ ಅಕ್ಷರವೂ ಇಡಿಯ ಬಿಂದುಗಳ ಲೆಕ್ಕದಲ್ಲೇ ಮೂಡಬೇಕಾಗುತ್ತದೆ.

ಗಾಜಿನ ನಳಿಕೆಯಿಂದ ದ್ರವಸ್ಫಟಿಕಕ್ಕೆ

ಕ್ಯಾಥೋಡ್ ಕಿರಣ ನಳಿಕೆಯ ಹಳೆಯ ಮಾನಿಟರುಗಳಲ್ಲಿ ಸಹಜ ರೆಸೊಲ್ಯೂಶನ್ ಎಂಬ ಮಾತಿಗೆ ಈಗಿನಷ್ಟು ಖಚಿತವಾದ ಅರ್ಥವಿರಲಿಲ್ಲ. ನಳಿಕೆಯ ಹಿಂಬದಿಯಿಂದ ಹೊರಟ ಎಲೆಕ್ಟ್ರಾನ್ ಕಿರಣವು ಗಾಜಿನ ಒಳಮೈಗೆ ಲೇಪಿಸಿದ ಹೊಳೆಯುವ ವಸ್ತುವನ್ನು ಸಾಲುಸಾಲಾಗಿ ಬೆಳಗುತ್ತಿದ್ದುದರಿಂದ, ಒಂದು ಪರದೆಗೆ ಎಷ್ಟು ಸಾಲು ಎಂಬುದನ್ನು ಕಂಪ್ಯೂಟರ್ ಕಳಿಸುವ ಸಂಕೇತವೇ ನಿರ್ಧರಿಸುತ್ತಿತ್ತು. 640×480, 800×600, 1024×768 ಎಲ್ಲವೂ ಒಂದೇ ಮಾನಿಟರಿನಲ್ಲಿ ಸರಿಸುಮಾರು ಒಂದೇ ಬಗೆಯ ನಯದಿಂದ ಕಾಣುತ್ತಿದ್ದವು. ಆ ಕಾಲದಲ್ಲಿ ಕಂಪ್ಯೂಟರ್ ಕಲಿತವರಲ್ಲಿ ಒಂದು ಅಭ್ಯಾಸ ಬೇರೂರಿತು: ಅಕ್ಷರ ಸಣ್ಣದೆನಿಸಿದರೆ ರೆಸೊಲ್ಯೂಶನ್ ಇಳಿಸುವುದು. ದ್ರವಸ್ಫಟಿಕದ ಚಪ್ಪಟೆ ಪರದೆಗಳು ಬಂದ ಮೇಲೂ ಅದೇ ಅಭ್ಯಾಸ ಶಾಲೆ, ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಮುಂದುವರಿಯಿತು. ಪರದೆಯ ಬಗೆ ಬದಲಾದರೂ ಕೈಯ ರೂಢಿ ಬದಲಾಗದಿದ್ದುದೇ ಇಂದು ಅನೇಕ ಕನ್ನಡ ಓದುಗರ ಕಣ್ಣಿಗೆ ಆಗುತ್ತಿರುವ ದಣಿವಿನ ಒಂದು ಕಾರಣವೆಂದು ಹೇಳಬೇಕಾಗುತ್ತದೆ.

ದ್ರವಸ್ಫಟಿಕ ಪರದೆಯ ಪ್ರತಿ ಬಿಂದುವೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಬಿಂದುಗಳ ಒಂದು ಪುಟ್ಟ ಕೋಶ. ಪ್ರತಿ ಉಪಬಿಂದುವಿಗೂ ತನ್ನದೇ ಟ್ರಾನ್ಸಿಸ್ಟರ್ ಇದ್ದು, ಹಿಂದಿನಿಂದ ಬರುವ ಬೆಳಕು ಎಷ್ಟು ಹಾದುಹೋಗಬೇಕೆಂಬುದನ್ನು ಅದು ನಿಯಂತ್ರಿಸುತ್ತದೆ. ಪಿಕ್ಸೆಲ್ಲಿನ ಅರ್ಧ ಅಥವಾ ಕಾಲುಭಾಗವನ್ನು ಬೇರೆ ಮಾಡಿ ಪೂರ್ಣಬಣ್ಣದಲ್ಲಿ ಬೆಳಗಿಸುವ ಉಪಾಯ ಇಲ್ಲಿಲ್ಲ. ಈಗ 1920 ಕೋಶಗಳ ಅಡ್ಡಸಾಲಿನ ಮೇಲೆ 1366 ಬಿಂದುಗಳ ಚಿತ್ರವನ್ನು ಹರಡಬೇಕೆಂದು ಆಜ್ಞೆ ಕೊಟ್ಟರೆ, ಚಿತ್ರದ ಒಂದೊಂದು ಬಿಂದುವಿಗೂ ಸುಮಾರು 1.4 ಕೋಶ ಪಾಲಿಗೆ ಬರುತ್ತದೆ, ಅಂದರೆ ಐದು ಬಿಂದುಗಳು ಏಳು ಕೋಶಗಳನ್ನು ಹಂಚಿಕೊಳ್ಳಬೇಕು. ಈ ಹಂಚಿಕೆಗೆ ಎರಡೇ ದಾರಿಗಳಿವೆ. ಕೆಲವು ಬಿಂದುಗಳಿಗೆ ಒಂದು, ಕೆಲವಕ್ಕೆ ಎರಡು ಕೋಶ ಕೊಟ್ಟರೆ ಒಂದೇ ಅಕ್ಷರದ ಗೆರೆಗಳು ಒಂದು ಕಡೆ ತೆಳ್ಳಗೂ ಇನ್ನೊಂದು ಕಡೆ ದಪ್ಪಗೂ ಆಗುತ್ತವೆ. ಅದರ ಬದಲು ಅಕ್ಕಪಕ್ಕದ ಬಿಂದುಗಳ ಬಣ್ಣವನ್ನು ಸರಾಸರಿ ಮಾಡಿ ತುಂಬಿದರೆ, ಅಂದರೆ ಅಂತರ್ಗಣನೆ ಮಾಡಿದರೆ, ಕಪ್ಪು ಗೆರೆಯ ಅಂಚಿನಲ್ಲಿ ಬೂದುಬಣ್ಣದ ಮಸುಕು ಹಬ್ಬುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ಎರಡನೆಯ ದಾರಿಯನ್ನು ಹಿಡಿಯುತ್ತವೆ. ಬಳಕೆದಾರರು ಇದನ್ನೇ ಅಕ್ಷರ ಮಂಜಾಗಿದೆ, ಕಲಸಿದಂತಿದೆ ಎಂದು ವರ್ಣಿಸುತ್ತಾರೆ.

ಇದಕ್ಕೊಂದು ವಿನಾಯಿತಿ ಉಂಟು. ಆರಿಸಿದ ರೆಸೊಲ್ಯೂಶನ್ ಸಹಜ ರೆಸೊಲ್ಯೂಶನ್ನಿನ ಸರಿಯಾಗಿ ಅರ್ಧವಿದ್ದರೆ, ಉದಾಹರಣೆಗೆ 3840×2160 ಬಿಂದುಗಳ ಪರದೆಯಲ್ಲಿ 1920×1080ರ ಚಿತ್ರವನ್ನು ತೋರಿಸಿದರೆ, ಒಂದು ಬಿಂದುವಿಗೆ ಎರಡಕ್ಕೆರಡರಂತೆ ನಾಲ್ಕು ಇಡೀ ಕೋಶಗಳು ಸಿಗುತ್ತವೆ ಮತ್ತು ಲೆಕ್ಕ ಒಡೆಯುವುದಿಲ್ಲ. ಆದರೆ ಚಿತ್ರಸಂಸ್ಕರಣೆಯ ವ್ಯವಸ್ಥೆ ಅಲ್ಲಿಯೂ ಸರಾಸರಿಯ ವಿಧಾನವನ್ನೇ ಬಳಸಿಬಿಟ್ಟರೆ ಮಸುಕು ಬಂದೇ ಬರುತ್ತದೆ.

ಅಕ್ಷರಗಳ ವಿಷಯದಲ್ಲಿ ಹಾನಿ ಇನ್ನೂ ಆಳವಾದದ್ದು. ಫಾಂಟು ಎಂಬುದು ಬಿಂದುಗಳ ಚಿತ್ರವಾಗಿರದೆ ವಕ್ರರೇಖೆಗಳ ಗಣಿತೀಯ ವಿವರಣೆಯಾಗಿರುತ್ತದೆ. ಅದನ್ನು ಪರದೆಯ ಕೋಶಗಳ ಮೇಲೆ ಇಳಿಸುವಾಗ ಯಾವ ಕೋಶ ಎಷ್ಟು ಕಪ್ಪಾಗಬೇಕೆಂಬುದನ್ನು ಕಾರ್ಯಾಚರಣ ವ್ಯವಸ್ಥೆ ಲೆಕ್ಕ ಹಾಕುತ್ತದೆ. ಮೈಕ್ರೋಸಾಫ್ಟ್ 1998ರಲ್ಲಿ ಪ್ರಕಟಿಸಿದ, 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ವ್ಯಾಪಕವಾಗಿ ದೊರೆತ ಕ್ಲಿಯರ್‌ಟೈಪ್ ತಂತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಂಪು ಹಸಿರು ನೀಲಿ ಉಪಬಿಂದುಗಳನ್ನು ಬೇರೆಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡು ಅಕ್ಷರದ ಅಂಚನ್ನು ತಿದ್ದುತ್ತದೆ. ಈ ಎಲ್ಲ ನಾಜೂಕು ಲೆಕ್ಕವೂ ಕೋಶ ಇಂಥಲ್ಲೇ ಇದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ರೆಸೊಲ್ಯೂಶನ್ ಇಳಿಸಿದಾಗ ಲೆಕ್ಕ ನಡೆಯುವುದು ಇಲ್ಲದ ಕೋಶಗಳ ಮೇಲೆ. ಅದರ ಫಲವನ್ನು ಆಮೇಲೆ ಇರುವ ಕೋಶಗಳಿಗೆ ಎಳೆದು ಹಿಗ್ಗಿಸಲಾಗುತ್ತದೆ. ಹೀಗಾಗಿ ತಿದ್ದುಪಡಿಯೇ ದೋಷವಾಗಿ, ಅಕ್ಷರದ ಬದಿಗೆ ಕೆಂಪು ಇಲ್ಲವೇ ನೀಲಿಯ ಛಾಯೆ ಕಾಣಿಸಿಕೊಳ್ಳುತ್ತದೆ.

ನಾಲ್ಕು ಊರಿನ ಹೆಸರುಗಳಲ್ಲಿ ಒಂದು ಪರೀಕ್ಷೆ

ರೋಮನ್ ಲಿಪಿಗೆ ಸಾಕಾಗುವ ಬಿಂದುಗಳು ಕನ್ನಡಕ್ಕೆ ಸಾಕಾಗುವುದಿಲ್ಲ. ರೋಮನ್ ಅಕ್ಷರಗಳ ಗೆರೆಗಳು ಬಹುತೇಕ ನೇರವಾಗಿದ್ದು ಒಂದೇ ಸಾಲಿನಲ್ಲಿ ಸಾಗುತ್ತವೆ. ಕನ್ನಡದ ಸಾಲಾದರೋ ಮೂರು ಅಂತಸ್ತಿನದು. ಮೇಲೆ ತಲೆಕಟ್ಟು, ಗುಡಿಸು, ಏತ್ವಗಳು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತಕ್ಷರ. ಈ ಮೂರಕ್ಕೂ ಸೇರಿ ಸಿಗುವ ಬಿಂದುಗಳು ರೋಮನ್ನಿನ ಒಂದು ಸಾಲಿಗೆ ಸಿಗುವಷ್ಟೇ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ಹೆಸರುಗಳನ್ನು ಯಾವುದೇ ಕನ್ನಡ ಫಾಂಟಿನಲ್ಲಿ ಸಾಧಾರಣ ಅಳತೆಗೆ ಬರೆದು ನೋಡಿದರೆ, ಪರದೆಯನ್ನು ಪರೀಕ್ಷಿಸಲು ಇವಕ್ಕಿಂತ ಒಳ್ಳೆಯ ಪದಗಳು ಬೇಕಾಗಲಾರವು. ಹಾನಗಲ್ಲದಲ್ಲಿ ಲಕಾರದ ಅಡಿಗೆ ಇನ್ನೊಂದು ಲಕಾರ ಪುಟ್ಟದಾಗಿ ನಿಂತಿದೆ. ಬಿಂದುಗಳು ಕಡಿಮೆಯಾದಾಗ ಈ ಒತ್ತಿನ ಒಳಸುರುಳಿ ಮೊದಲು ತುಂಬಿಹೋಗಿ ಕಪ್ಪು ಗಂಟಾಗುತ್ತದೆ. ಶಿಗ್ಗಾಂವಿಯಲ್ಲಿ ಗಕಾರ, ಅದರ ದೀರ್ಘ, ಕೆಳಗಿನ ಒತ್ತು, ಪಕ್ಕದ ಸೊನ್ನೆ ಎಲ್ಲವೂ ಇಕ್ಕಟ್ಟಿನಲ್ಲಿವೆ, ಮತ್ತು ಸೊನ್ನೆಯ ನಡುವಿನ ಬಿಳುಪು ಉಳಿಯದಿದ್ದರೆ ಅದು ಚುಕ್ಕಿಯಂತೆ ಕಾಣುತ್ತದೆ. ಸವಣೂರಿನ ಣಕಾರ ಕನ್ನಡದ ಅತ್ಯಂತ ಬಳುಕಿನ ಅಕ್ಷರಗಳಲ್ಲಿ ಒಂದು. ಅದಕ್ಕೆ ಊತ್ವವೂ ಸೇರಿದಾಗ ಅಡ್ಡಗಲದಲ್ಲಿ ನಾಲ್ಕಾರು ಕಂಬಗೆರೆಗಳೂ ಅವುಗಳ ನಡುವಿನ ಬಿಳಿಯ ಸಂದುಗಳೂ ಬೇರೆಯಾಗಿ ಉಳಿಯಬೇಕು. ಹಿರೇಕೆರೂರಂತೂ ಹ್ರಸ್ವದೀರ್ಘಗಳ ಪಾಠದಂತಿದೆ: ರೇ ಎಂಬಲ್ಲಿ ದೀರ್ಘದ ಕೊಂಬು, ಕೆ ಎಂಬಲ್ಲಿ ಅದಿಲ್ಲ, ರೂ ಎಂಬಲ್ಲಿ ಒಂದು ಸುತ್ತು ಹೆಚ್ಚು, ಕೊನೆಯ ರು ಎಂಬಲ್ಲಿ ಅದೇ ಸುತ್ತು ಇಲ್ಲ. ಆ ಒಂದು ಸುತ್ತು ಕಾಣದೆ ಹೋದರೆ ಊರಿನ ಹೆಸರೇ ತಪ್ಪಾಗುತ್ತದೆ.

ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಇದಕ್ಕಿಂತಲೂ ಸೂಕ್ಷ್ಮ. ದನ ಎಂಬುದನ್ನು ಧನ ಎಂಬುದರಿಂದ, ಬಾರಿ ಎಂಬುದನ್ನು ಭಾರಿ ಎಂಬುದರಿಂದ ಬೇರ್ಪಡಿಸುವುದು ಅಕ್ಷರದ ಅಡಿಯ ಒಂದು ಸಣ್ಣ ಸೀಳುಗೆರೆ ಮಾತ್ರ. ರಕಾರವನ್ನು ಠಕಾರದಿಂದ ಬೇರೆ ಮಾಡುವುದು ಒಡಲೊಳಗಿನ ಒಂದು ಚುಕ್ಕಿ. ಪಕಾರವನ್ನು ಷಕಾರದಿಂದ ಬೇರೆ ಮಾಡುವುದು ಒಳಗಿನ ಒಂದು ಗೆರೆ. ಸಾಧಾರಣ ಅಳತೆಯ ಅಕ್ಷರದಲ್ಲಿ ಈ ಸೀಳಿಗೂ ಚುಕ್ಕಿಗೂ ಸಿಗುವುದು ಒಂದು, ಹೆಚ್ಚೆಂದರೆ ಎರಡು ಬಿಂದು. ಸಹಜವಲ್ಲದ ರೆಸೊಲ್ಯೂಶನ್ನಿನಲ್ಲಿ ಮೊದಲು ಬಲಿಯಾಗುವುದು ಇಂಥ ಒಂಟಿ ಬಿಂದುವೇ: ಅದು ಅಕ್ಕಪಕ್ಕಕ್ಕೆ ಹರಡಿ ಬೂದಾಗುತ್ತದೆ. ಓದುಗ ಸಂದರ್ಭದ ಬಲದಿಂದ ಪದವನ್ನು ಊಹಿಸಿಕೊಂಡು ಮುಂದೆ ಸಾಗುತ್ತಾನೆ ನಿಜ, ಆದರೆ ಹಾಗೆ ಊಹಿಸಿ ಓದುವ ಶ್ರಮವೇ ಗಂಟೆಗಟ್ಟಲೆ ಕೂತಾಗ ಕಣ್ಣುರಿಯಾಗಿ, ತಲೆನೋವಾಗಿ ಕಾಡುತ್ತದೆ. ಹೊಸದಾಗಿ ಓದಲು ಕಲಿಯುತ್ತಿರುವ ಮಗುವಿಗಂತೂ ಊಹಿಸಲು ಬೇಕಾದ ಪದಸಂಪತ್ತೇ ಇನ್ನೂ ಕೂಡಿರುವುದಿಲ್ಲ.

ಸವಣೂರಿಗೆ ಸಂಬಂಧಿಸಿದ ಇನ್ನೊಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ನವಾಬರ ರಾಜಧಾನಿಯಾಗಿದ್ದ ಆ ಪಟ್ಟಣದಲ್ಲಿ ಉರ್ದು ಓದುವವರೂ ಇದ್ದಾರೆ. ಉರ್ದುವಿನ ನಸ್ತಾಲೀಕ್ ಬರಹದಲ್ಲಿ ಬೇ, ಪೇ, ತೇ, ಸೇ ಎಂಬ ನಾಲ್ಕು ಅಕ್ಷರಗಳ ಒಡಲು ಒಂದೇ. ಚುಕ್ಕಿಗಳು ಎಷ್ಟಿವೆ, ಮೇಲಿವೆಯೋ ಕೆಳಗಿವೆಯೋ ಎಂಬುದಷ್ಟೇ ಭೇದ. ಎರಡು ಚುಕ್ಕಿ ಕೂಡಿ ಒಂದಾದರೆ ಅಕ್ಷರ ಬದಲಾಗುತ್ತದೆ. ಎರಡೂ ಲಿಪಿಗಳ ಓದುಗರಿರುವ ಮನೆಗೆ ಪರದೆಯ ಸಹಜ ರೆಸೊಲ್ಯೂಶನ್ ಎರಡರಷ್ಟು ಮುಖ್ಯ.

ಅಕ್ಷರವನ್ನು ದೊಡ್ಡದು ಮಾಡುವ ಸರಿಯಾದ ದಾರಿ

ರೆಸೊಲ್ಯೂಶನ್ ಇಳಿಸಬಾರದೆಂದ ಮೇಲೆ, ಸಣ್ಣ ಅಕ್ಷರವನ್ನು ದೊಡ್ಡದಾಗಿಸುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ನಲವತ್ತು ದಾಟಿದ ಶಿಕ್ಷಕರು, ಗ್ರಾಮ ಪಂಚಾಯಿತಿಯ ಸಿಬ್ಬಂದಿ, ಪತ್ರಬರಹಗಾರರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಸ್ಕೇಲಿಂಗ್. ರೆಸೊಲ್ಯೂಶನ್ನನ್ನು ಸಹಜವಾಗಿಯೇ ಬಿಟ್ಟು ಸ್ಕೇಲಿಂಗ್‌ನ ಪ್ರಮಾಣವನ್ನು 125% ಅಥವಾ 150% ಮಾಡಿದಾಗ, ಕಾರ್ಯಾಚರಣ ವ್ಯವಸ್ಥೆ ಅದೇ ಅಕ್ಷರವನ್ನು ಹೆಚ್ಚು ಬಿಂದುಗಳಲ್ಲಿ ಹೊಸದಾಗಿ ಬರೆಯುತ್ತದೆ. ಕಸೂತಿಯ ಮಾತಿನಲ್ಲಿ ಹೇಳುವುದಾದರೆ, ನಾಲ್ಕು ಎಳೆಯ ಗೋಪುರವನ್ನು ಜಗ್ಗಿ ಅಗಲಿಸದೆ, ಆರು ಎಳೆ ಎಣಿಸಿ ಮತ್ತೆ ಹೊಲಿದಂತೆ.

ಅಂಕಿಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. 15.6 ಅಂಗುಲದ 1366×768 ಪರದೆಯಲ್ಲಿ ಒಂದು ಅಂಗುಲಕ್ಕೆ ಸುಮಾರು 100 ಬಿಂದುಗಳಿವೆ. ವಿಂಡೋಸ್‌ನ ರೂಢಿಯಂತೆ 12 ಪಾಯಿಂಟಿನ ಅಕ್ಷರಚೌಕಕ್ಕೆ ಅಲ್ಲಿ 16 ಬಿಂದುಗಳ ಎತ್ತರ ಸಿಗುತ್ತದೆ, ಅಂದರೆ ಸುಮಾರು 4 ಮಿಲಿಮೀಟರ್. ಅದೇ ಅಳತೆಯ 1920×1080 ಪರದೆಯಲ್ಲಿ ಅಂಗುಲಕ್ಕೆ 141 ಬಿಂದುಗಳಿದ್ದು, ಸ್ಕೇಲಿಂಗ್ 150% ಇಟ್ಟರೆ ಅಕ್ಷರಚೌಕದ ಎತ್ತರ 24 ಬಿಂದು, ಸುಮಾರು 4.3 ಮಿಲಿಮೀಟರ್. ಕಣ್ಣಿಗೆ ಅಕ್ಷರದ ಗಾತ್ರ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದನ್ನು 256 ಬಿಂದುಗಳ ಚೌಕದಲ್ಲಿ ಬರೆದಿದ್ದರೆ ಎರಡನೆಯದನ್ನು 576 ಬಿಂದುಗಳ ಚೌಕದಲ್ಲಿ ಬರೆಯಲಾಗಿದೆ. ಚೌಕದ ಮೂರನೆಯ ಒಂದು ಭಾಗ ಒತ್ತಕ್ಷರಕ್ಕೆ ಎಂದಿಟ್ಟುಕೊಂಡರೆ, ಹಾನಗಲ್ಲದ ಲಕಾರದ ಒತ್ತಿಗೆ ಅಲ್ಲಿ ಐದು ಬಿಂದುಗಳ ಎತ್ತರ, ಇಲ್ಲಿ ಎಂಟು. ಐದರಲ್ಲಿ ಸುರುಳಿ ಬಿಡಿಸುವುದು ದುಸ್ತರ, ಎಂಟರಲ್ಲಿ ಸಾಧ್ಯ.

ಸ್ಕೇಲಿಂಗ್‌ಗೂ ಒಂದು ತೊಡಕಿದೆ, ಕನ್ನಡ ಬಳಕೆದಾರರಿಗೆ ಅದು ಮೇಲಿಂದ ಮೇಲೆ ಎದುರಾಗುವಂಥದು. ಹಳೆಯ ಕಾಲದಲ್ಲಿ ಬರೆದ ತಂತ್ರಾಂಶಗಳಿಗೆ ಸ್ಕೇಲಿಂಗ್ ಎಂಬುದೇ ಗೊತ್ತಿಲ್ಲ. ಅಂಗುಲಕ್ಕೆ 96 ಬಿಂದು ಎಂಬ ಒಂದೇ ಲೆಕ್ಕವನ್ನು ನಂಬಿ ಅವು ಕಿಟಕಿಯನ್ನು ಬರೆಯುತ್ತವೆ. ಅಂಥ ಕಿಟಕಿಯನ್ನು ವಿಂಡೋಸ್ ಚಿತ್ರದಂತೆ ಹಿಗ್ಗಿಸಿ ತೋರಿಸುವುದರಿಂದ, ರೆಸೊಲ್ಯೂಶನ್ ಸರಿಯಾಗಿದ್ದರೂ ಆ ಒಂದು ಕಿಟಕಿ ಮಾತ್ರ ಮಸುಕಾಗಿರುತ್ತದೆ. ನೋಡುವವರು ಪರದೆಯೇ ಕೆಟ್ಟಿದೆಯೆಂದು ಭಾವಿಸುವುದುಂಟು. ಆ ತಂತ್ರಾಂಶದ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ವಿಭಾಗದೊಳಗೆ ಹೈ ಡಿಪಿಐ ವ್ಯವಸ್ಥೆಯನ್ನು ಬದಲಾಯಿಸಿದರೆ ಕೆಲವೊಮ್ಮೆ ಪರಿಹಾರ ಸಿಗುತ್ತದೆ. ಯುನಿಕೋಡ್ ಆಧಾರಿತ ಹೊಸ ಆವೃತ್ತಿಗೆ ಹೋಗುವುದು ಹೆಚ್ಚು ಬಾಳುವ ಪರಿಹಾರ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಕಾಲದ ಪರದೆಗಳೇ ಬೇರೆ. ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಕನ್ನಡ ಫಾಂಟು, 2012ರ ವಿಂಡೋಸ್ 8ರೊಂದಿಗೆ ನಿರ್ಮಲಾ ಯುಐ ಬಂದ ಮೇಲೆ ಫಾಂಟು ಹುಡುಕುವ ಕಷ್ಟ ನೀಗಿತು, ಆದರೆ ಆ ಫಾಂಟುಗಳ ಚೆಲುವು ಕಾಣಲು ತಕ್ಕಷ್ಟು ಬಿಂದುಗಳಿರುವ ಪರದೆ ಬೇಕೆಂಬ ತಿಳಿವಳಿಕೆ ಅದೇ ವೇಗದಲ್ಲಿ ಹರಡಲಿಲ್ಲ.

ಭೂಮಿಯ ಎರಡನೆಯ ಪರದೆ

ಗ್ರಾಮೀಣ ಕರ್ನಾಟಕದಲ್ಲಿ ಪರದೆಯ ಮೇಲಿನ ಕನ್ನಡ ಓದು ಜನಸಾಮಾನ್ಯರ ಬದುಕಿಗೆ ನೇರವಾಗಿ ತಟ್ಟಿದ್ದು ಭೂಮಿ ಯೋಜನೆಯಿಂದ. ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕೀಕರಿಸಿ, ಎಲ್ಲ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳನ್ನು ತೆರೆಯಲಾಯಿತು. ಆ ಕೇಂದ್ರಗಳ ರಚನೆಯಲ್ಲಿ ಒಂದು ಮೆಚ್ಚತಕ್ಕ ವಿವರವಿತ್ತು: ಕೆಲಸ ಮಾಡುವ ಸಿಬ್ಬಂದಿಯ ಪರದೆಯಲ್ಲದೆ, ಕಿಟಕಿಯ ಹೊರಗೆ ನಿಂತ ಅರ್ಜಿದಾರನತ್ತ ಮುಖ ಮಾಡಿದ ಎರಡನೆಯ ಪರದೆಯೂ ಇರುತ್ತಿತ್ತು, ತನ್ನ ಹೊಲದ ದಾಖಲೆಯಲ್ಲಿ ಏನು ನಡೆಯುತ್ತಿದೆಯೆಂದು ರೈತ ತಾನೇ ನೋಡಬಹುದಾಗಿತ್ತು. ಒಳ್ಳೆಯ ಆಡಳಿತದ ಒಂದು ಇಡೀ ತತ್ತ್ವ ಆ ಪರದೆಯಲ್ಲಿತ್ತೆಂದರೆ ಅತಿಶಯವಲ್ಲ. ಆದರೆ ನೋಡುವ ಹಕ್ಕು ಸಾರ್ಥಕವಾಗಬೇಕಾದರೆ ಕಂಡದ್ದು ಓದಲು ಬರಬೇಕು. ಪಹಣಿಯಲ್ಲಿ ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆಗಳ ವಿಸ್ತೀರ್ಣ, ಖಾತೆದಾರನ ಹೆಸರು, ತಂದೆಯ ಹೆಸರು ಎಲ್ಲವೂ ಕಿರಿದಾದ ಅಂಕಣಗಳಲ್ಲಿ ಅಡಕವಾಗಿರುತ್ತವೆ. 3 ಮತ್ತು 8, 6 ಮತ್ತು 8 ಮಸುಕಾದಾಗ ಒಂದೇ ತರಹ ಕಾಣುತ್ತವೆ. ಒಂದು ಎಕರೆಗೆ 40 ಗುಂಟೆಯಾಗುವಾಗ 13 ಗುಂಟೆ 18 ಆಗಿ ಕಂಡರೆ ಅದು ಚಿಕ್ಕ ವ್ಯತ್ಯಾಸವಲ್ಲ.

ಈಗ ಪಹಣಿಯನ್ನು ಮನೆಯ ಲ್ಯಾಪ್‌ಟಾಪಿನಲ್ಲೂ ಊರಿನ ಸೇವಾಕೇಂದ್ರದಲ್ಲೂ ನೋಡಲು ಬರುತ್ತದೆ. ಅಂಥ ಕೇಂದ್ರಕ್ಕೆ ಯಂತ್ರ ಕೊಳ್ಳುವವರು ಪ್ರೊಸೆಸರ್, ಮೆಮೊರಿಗಳ ಜೊತೆಗೆ ಪರದೆಯ ಸಹಜ ರೆಸೊಲ್ಯೂಶನ್ನನ್ನೂ ಕೇಳಿ ಕೊಳ್ಳುವುದು, ಕೌಂಟರಿನ ಆಚೆ ನಿಂತವರ ಬಗ್ಗೆ ತೋರುವ ಗೌರವವೂ ಆಗಿದೆ.

ಕೊಳ್ಳುವಾಗ ತಿಳಿದಿರಬೇಕಾದ್ದು

ಪೆಟ್ಟಿಗೆಯ ಮೇಲಿನ ಪದಗಳು ಬಹಳ ಸಲ ದಾರಿ ತಪ್ಪಿಸುತ್ತವೆ. ಲ್ಯಾಪ್‌ಟಾಪ್ ವ್ಯಾಪಾರದಲ್ಲಿ ಎಚ್‌ಡಿ ಎಂದರೆ ಸಾಮಾನ್ಯವಾಗಿ 1366×768, ಎಚ್‌ಡಿ ಪ್ಲಸ್ ಎಂದರೆ 1600×900, ಫುಲ್ ಎಚ್‌ಡಿ ಅಥವಾ ಎಫ್‌ಎಚ್‌ಡಿ ಎಂದರೆ 1920×1080. ಬರಿಯ ಎಚ್‌ಡಿ ಎಂಬ ಎರಡಕ್ಷರವನ್ನು ಉತ್ತಮ ಪರದೆಯ ಗುರುತೆಂದು ತಿಳಿದು ಕೊಂಡವರು ಅನೇಕರು; ಅದು ಈ ಸಾಲಿನಲ್ಲಿ ಅತಿ ಕೆಳಗಿನ ಮೆಟ್ಟಿಲು. ಕೆಲವೊಮ್ಮೆ ಎಚ್‌ಡಿ ಎಂದು ಬರೆದಿರುವುದು ಪರದೆಗಲ್ಲ, ಅದರ ಮೇಲಂಚಿನ ವೆಬ್‌ಕ್ಯಾಮಿಗೆ. 4ಕೆ ಸಪೋರ್ಟ್ ಎಂಬ ಮಾತು ಎಚ್‌ಡಿಎಂಐ ತಂತಿಯ ಮೂಲಕ ಹೊರಗಿನ ಟಿವಿಗೆ ಕಳಿಸಬಲ್ಲ ಸಂಕೇತವನ್ನು ಹೇಳುತ್ತಿರಬಹುದು, ಯಂತ್ರದ ಸ್ವಂತ ಪರದೆಯನ್ನಲ್ಲ. ಒಂದೇ ಮಾದರಿಯ ಹೆಸರಿನಲ್ಲಿ ಬೇರೆಬೇರೆ ಪರದೆಗಳ ಲ್ಯಾಪ್‌ಟಾಪ್‌ಗಳು ಮಾರಾಟವಾಗುವುದೂ ಸಾಮಾನ್ಯ, ಆದ್ದರಿಂದ ನೆರೆಯವರು ಕೊಂಡ ಅದೇ ಯಂತ್ರವೆಂಬ ಭರವಸೆ ಸಾಲದು; ಮಾದರಿಯ ಪೂರ್ಣ ಸಂಕೇತವನ್ನು ನೋಡಿ, ರೆಸೊಲ್ಯೂಶನ್ನನ್ನು ಅಂಕಿಯಲ್ಲೇ ಕೇಳಬೇಕು.

ಎಷ್ಟು ಬಿಂದುಗಳಿದ್ದರೆ ಸಾಕು ಎಂಬುದಕ್ಕೆ ಕಣ್ಣಿನ ಶಕ್ತಿಯೇ ಅಳತೆಗೋಲು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬಿಡಿಸಿ ನೋಡಬಲ್ಲುದೆಂಬುದು ನೇತ್ರಪರೀಕ್ಷೆಯ ಸಾಮಾನ್ಯ ಮಾನ. 60 ಸೆಂಟಿಮೀಟರ್ ದೂರದಲ್ಲಿ ಅದು 0.17 ಮಿಲಿಮೀಟರಿಗೆ, ಅಂದರೆ ಅಂಗುಲಕ್ಕೆ ಸುಮಾರು 145 ಬಿಂದುಗಳಿಗೆ ಸಮ. 50 ಸೆಂಟಿಮೀಟರಿನಲ್ಲಿ ಸುಮಾರು 175. ಹಾಗಾಗಿ 15.6 ಅಂಗುಲದ 1920×1080 ಪರದೆ, ಅಂಗುಲಕ್ಕೆ 141 ಬಿಂದುಗಳೊಂದಿಗೆ, ಈ ಮಿತಿಯ ಹೊಸ್ತಿಲಲ್ಲಿದೆ; 14 ಅಂಗುಲದಲ್ಲಿ ಅದೇ ರೆಸೊಲ್ಯೂಶನ್ 157 ಬಿಂದುಗಳನ್ನು ಕೊಡುವುದರಿಂದ ಓದಿಗೆ ಇನ್ನಷ್ಟು ಹಿತ. 15.6 ಅಂಗುಲದ 1366×768 ಪರದೆಯ ಬಿಂದು 0.25 ಮಿಲಿಮೀಟರ್ ಅಗಲವಿದ್ದು ಬರಿಗಣ್ಣಿಗೆ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಕನ್ನಡದ ಓದು ಬರಹಕ್ಕೆಂದು ಹೊಸ ಲ್ಯಾಪ್‌ಟಾಪ್ ಕೊಳ್ಳುವವರು 1920×1080ಕ್ಕಿಂತ ಕೆಳಗಿಳಿಯಬಾರದು. ಇನ್ನೂ ಮೇಲಿನವು ಇಲ್ಲದಿಲ್ಲ: 2001ರಲ್ಲೇ ಐಬಿಎಂ 3840×2400 ಬಿಂದುಗಳ ಮೇಜಿನ ಮಾನಿಟರನ್ನು ತಂದಿತ್ತು, 2012ರಲ್ಲಿ ಆಪಲ್ ತನ್ನ 15 ಅಂಗುಲದ ಮ್ಯಾಕ್‌ಬುಕ್ ಪ್ರೊಗೆ 2880×1800 ಬಿಂದುಗಳನ್ನು ಕೊಟ್ಟು ಅಂಗುಲಕ್ಕೆ 220ರ ಸಾಂದ್ರತೆಯನ್ನು ಲ್ಯಾಪ್‌ಟಾಪಿಗೆ ಇಳಿಸಿತು. 4ಕೆ ಪರದೆಯ ಲ್ಯಾಪ್‌ಟಾಪ್‌ನಲ್ಲಿ ಅಕ್ಷರಗಳು ಅಚ್ಚಿನಂತೆ ಕಾಣುವುದು ನಿಜ, ಆದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಬಿಂದುಗಳನ್ನು ನಿಭಾಯಿಸಲು ವಿದ್ಯುತ್ತೂ ಹೆಚ್ಚು ಬೇಕು. ಕರೆಂಟು ಹೋಗಿಬರುವ ಊರಿನಲ್ಲಿ ಬ್ಯಾಟರಿಯ ಒಂದೆರಡು ಗಂಟೆ ಈ ನಯಕ್ಕಿಂತ ಬೆಲೆಬಾಳುತ್ತದೆ.

1920×1200ರಂಥ 16:10 ಅನುಪಾತದ ಪರದೆಗಳು ಈಚೆಗೆ ಹೆಚ್ಚಾಗಿರುವುದು ಕನ್ನಡದ ಬರಹಗಾರರಿಗೆ ಸಂತೋಷದ ಸಂಗತಿ. ಒತ್ತಕ್ಷರಗಳಿಗೆ ಎಡೆಬಿಡಬೇಕಾದ್ದರಿಂದ ಕನ್ನಡದ ಸಾಲುಗಳ ನಡುವಣ ಅಂತರ ಹೆಚ್ಚು; ಎತ್ತರದಲ್ಲಿ ಸಿಗುವ 120 ಸಾಲು ಬಿಂದುಗಳು ಪುಟದ ಎರಡು ಮೂರು ಸಾಲುಗಳನ್ನು ಹೆಚ್ಚಾಗಿ ತೋರಿಸುತ್ತವೆ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಇನ್ನೂ ಒಂದಿಷ್ಟು ಎಚ್ಚರ ವಹಿಸಬೇಕು. ಹೆದ್ದಾರಿಯಲ್ಲಿರುವ ಶಿಗ್ಗಾಂವಿಯವರಿಗೆ ಹುಬ್ಬಳ್ಳಿಯ ಮಾರುಕಟ್ಟೆ ಹತ್ತಿರ. ಅಲ್ಲಿಯ ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಬಹಳಷ್ಟು ಕಂಪನಿಗಳಿಂದ ಬಂದವು, ಅವುಗಳಲ್ಲಿ ಒಳ್ಳೆಯ ಪರದೆಯವೂ ಇರುತ್ತವೆ. ಯಂತ್ರವನ್ನು ಚಾಲೂ ಮಾಡಿ ಡೆಸ್ಕ್‌ಟಾಪಿನ ಮೇಲೆ ಬಲಗುಂಡಿ ಒತ್ತಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದರೆ, ರೆಸೊಲ್ಯೂಶನ್ನುಗಳ ಪಟ್ಟಿಯಲ್ಲಿ ಒಂದರ ಮುಂದೆ ರೆಕಮೆಂಡೆಡ್ ಎಂದಿರುತ್ತದೆ. ಪರದೆ ತನ್ನ ಗುರುತಿನ ಚೀಟಿಯಂತೆ ಒಂದು ಪುಟ್ಟ ಚಿಪ್‌ನಲ್ಲಿ ಇಟ್ಟುಕೊಂಡಿರುವ ಮಾಹಿತಿಯಿಂದ ಕಂಪ್ಯೂಟರ್ ಇದನ್ನು ತಿಳಿಯುತ್ತದೆ, ಆದ್ದರಿಂದ ಇದು ಸಾಮಾನ್ಯವಾಗಿ ಸಹಜ ರೆಸೊಲ್ಯೂಶನ್ನೇ ಆಗಿರುತ್ತದೆ. ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಕೂತಿರದ ಯಂತ್ರದಲ್ಲಿ ಮಾತ್ರ ಪಟ್ಟಿ 1024×768ಕ್ಕೇ ನಿಂತುಬಿಡಬಹುದು. ಆಗ 4:3ರ ಚಿತ್ರ ಅಗಲದ ಪರದೆಯಲ್ಲಿ ಮೂರನೆಯ ಒಂದು ಪಾಲು ಹಿಗ್ಗಿ, ಕನ್ನಡದ ದುಂಡನೆಯ ಅಕ್ಷರಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ. ಡ್ರೈವರ್ ಹಾಕಿಸಿ ನೋಡದೆ ಪರದೆಯನ್ನು ದೂರುವುದು ಸಲ್ಲದು. ಬಳಿಕ ಒಂದು ಖಾಲಿ ಪುಟದಲ್ಲಿ ಮೇಲೆ ಹೇಳಿದ ನಾಲ್ಕು ಊರುಗಳ ಹೆಸರನ್ನು 11 ಅಥವಾ 12ರ ಅಳತೆಯಲ್ಲಿ ಬರೆದು ಒಂದು ಮೊಳ ದೂರದಿಂದ ಓದಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಪ್ರೊಜೆಕ್ಟರು ಮತ್ತು ಶಾಸನದ ಚಿತ್ರ

ಕಾಲೇಜುಗಳ ಸಭಾಂಗಣಗಳಲ್ಲಿ ಕಾಣುವ ಒಂದು ತೊಂದರೆಯೂ ಇದೇ ಕುಲದ್ದು. ಪ್ರೊಜೆಕ್ಟರಿಗೂ ತನ್ನದೇ ಸಹಜ ರೆಸೊಲ್ಯೂಶನ್ ಇರುತ್ತದೆ, ಹಳೆಯವುಗಳಲ್ಲಿ ಅದು 1024×768 ಅಥವಾ 1280×800. ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ ಡುಪ್ಲಿಕೇಟ್ ಆರಿಸಿದಾಗ ಎರಡೂ ಪರದೆಗಳಿಗೆ ಒಂದೇ ರೆಸೊಲ್ಯೂಶನ್ ಬರಬೇಕಾಗಿ, ಲ್ಯಾಪ್‌ಟಾಪ್ ಪ್ರೊಜೆಕ್ಟರಿನ ಮಟ್ಟಕ್ಕೆ ಇಳಿಯುತ್ತದೆ ಇಲ್ಲವೇ ಪ್ರೊಜೆಕ್ಟರಿನ ಚಿತ್ರ ಕುಗ್ಗಿ ಮಸುಕಾಗುತ್ತದೆ. ಎಕ್ಸ್‌ಟೆಂಡ್ ಆರಿಸಿದರೆ ಎರಡೂ ತಮ್ಮತಮ್ಮ ಲೆಕ್ಕದಲ್ಲೇ ಉಳಿಯುತ್ತವೆ. ಜೋಡಣೆ ಬಿಡಿಸಿದ ಮೇಲೂ ಕೆಲವು ಯಂತ್ರಗಳು ಇಳಿದ ರೆಸೊಲ್ಯೂಶನ್ನಿನಲ್ಲೇ ನಿಲ್ಲುವುದುಂಟು.

ಶಾಸನ, ಜಾನಪದ, ಹಸ್ತಪ್ರತಿಗಳ ಅಧ್ಯಯನ ನಡೆಸುವವರಿಗೆ ಸಹಜ ರೆಸೊಲ್ಯೂಶನ್ ಸಂಶೋಧನೆಯ ಸಾಧನವೇ ಆಗುತ್ತದೆ, ಮತ್ತು ಈ ಸೀಮೆಯಲ್ಲಿ ಅಂಥವರಿಗೆ ಕೆಲಸ ಬಹಳವಿದೆ. ಪಾನುಂಗಲ್ ಎಂದು ಶಾಸನಗಳಲ್ಲಿ ಹೆಸರಾದ ಹಾನಗಲ್ಲ ಕದಂಬರ ಒಂದು ಶಾಖೆಯ ರಾಜಧಾನಿ, ಅಲ್ಲಿ ತಾರಕೇಶ್ವರ ದೇವಾಲಯವಿದೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಪ್ರಸಿದ್ಧ ಶಾಸನವಿದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಸಾಮಾನ್ಯ ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ ಶಾಸನದ 4000×3000ರ ಒಂದು ಚಿತ್ರದಲ್ಲಿ 1.2 ಕೋಟಿ ಬಿಂದುಗಳಿರುತ್ತವೆ. ಫುಲ್ ಎಚ್‌ಡಿ ಪರದೆ ಒಮ್ಮೆಗೆ ತೋರಿಸಬಲ್ಲುದು ಅದರ ಆರನೆಯ ಒಂದು ಪಾಲು ಮಾತ್ರ. ಇಡೀ ಚಿತ್ರವನ್ನು ಪರದೆಗೆ ಹೊಂದಿಸಿ ನೋಡಿದಾಗ ಆರರಲ್ಲಿ ಐದು ಪಾಲಿಗೂ ಹೆಚ್ಚು ಬಿಂದುಗಳು ಲೆಕ್ಕದಲ್ಲಿ ಕರಗಿ, ಸವೆದ ಕಲ್ಲಿನ ಮೇಲಿನ ಗೀರು ಅಕ್ಷರದ್ದೋ ಕಲ್ಲಿನದೋ ಎಂಬುದು ತಿಳಿಯದಾಗುತ್ತದೆ. ಚಿತ್ರವನ್ನು 100% ಗಾತ್ರಕ್ಕೆ ಇಟ್ಟು ತುಂಡುತುಂಡಾಗಿ ಸರಿಸುತ್ತ ನೋಡಬೇಕು. ಆಗ ಚಿತ್ರದ ಒಂದು ಬಿಂದುವಿಗೆ ಪರದೆಯ ಒಂದು ಕೋಶ ಸಿಗುತ್ತದೆ. ಪರದೆ ತನ್ನ ಸಹಜ ರೆಸೊಲ್ಯೂಶನ್ನಿನಲ್ಲಿ ಇದ್ದರೆ ಮಾತ್ರ ಈ 100% ಎಂಬ ಮಾತು ನಿಜ. ಇಳಿಸಿದ ರೆಸೊಲ್ಯೂಶನ್ನಿನಲ್ಲಿ ಕೂತು ಓದಿದ ಶಾಸನಪಾಠದಲ್ಲಿ ಸೊನ್ನೆಯೊಂದು ಬಿಟ್ಟುಹೋದರೆ, ತಪ್ಪು ಕಂಡರಿಸಿದವನದೆಂದು ಭಾವಿಸುವ ಅಪಾಯವಿದೆ.

ಕೊಂಡಾಗಿರುವ ಲ್ಯಾಪ್‌ಟಾಪಿನ ಪರದೆಯ ಎಣಿಕೆ ಕಡಿಮೆಯಿದ್ದವರಿಗೆ ಕೆಲವು ಮಾರ್ಗಗಳು ಉಳಿದಿವೆ. 1366×768ರ ಅನೇಕ ಯಂತ್ರಗಳಲ್ಲಿ ಪರದೆಯ ಪಟ್ಟಿತಂತಿ 30 ಸೂಜಿಗಳದಾಗಿದ್ದು, ಅದೇ ಬಗೆಯ ತಂತಿಗೆ ಹೊಂದುವ 1920×1080ರ ಪರದೆಗಳೂ ದೊರೆಯುತ್ತವೆ. ಬಿಗಿಮೊಳೆಗಳ ಸ್ಥಾನ, ಅಂಚಿನ ಅಳತೆ, ಮದರ್‌ಬೋರ್ಡಿನ ಸಾಮರ್ಥ್ಯ ಹೊಂದುವುದನ್ನು ಖಚಿತಪಡಿಸಿಕೊಂಡು ಅನುಭವವುಳ್ಳ ದುರಸ್ತಿಗಾರರಿಂದ ಬದಲಾಯಿಸಿಕೊಳ್ಳಬಹುದು. ಅದು ಸಾಧ್ಯವಿಲ್ಲದೆಡೆ, ಮನೆಯಲ್ಲೋ ಕಚೇರಿಯಲ್ಲೋ ಒಂದೇ ಕಡೆ ಕೂತು ಕೆಲಸ ಮಾಡುವವರಾದರೆ, ಹೊರಗಿನ ಫುಲ್ ಎಚ್‌ಡಿ ಮಾನಿಟರೊಂದನ್ನು ಜೋಡಿಸಿ ಅದನ್ನು ಅದರ ಸಹಜ ಎಣಿಕೆಯಲ್ಲಿ ಓಡಿಸಬಹುದು. ಎರಡೂ ಆಗದವರು 1366×768ರ ಪರದೆಯನ್ನು 1366×768ರಲ್ಲೇ ಇಟ್ಟು, ಪುಟವನ್ನು ಹಿಗ್ಗಿಸಿ, 14 ಅಥವಾ 16ರ ಅಳತೆಯಲ್ಲಿ ಕನ್ನಡವನ್ನು ಓದಬೇಕು. ಸಾಲುಗಳು ಕಡಿಮೆ ಕಂಡರೂ ಒತ್ತು ಒತ್ತಾಗಿಯೇ, ದೀರ್ಘ ದೀರ್ಘವಾಗಿಯೇ ಕಾಣುತ್ತದೆ.